ಮರೆ ಕಡೆ, ಗಾಳಿ ಕಡೆ

ಎಲ್ಫ್ರೀಡಾ: ಸುತ್ತು ಅಂದ್ರೆ ಸುತ್ತು ಕಣಯ್ಯಾ! ಮುಂಬಾಗಿಲಿಂದ ಹೊರಟ್ರೆ ಹಿತ್ತಿಲ ಬಾಗಿಲಿಂದ ಒಳಗೆ ಬರ್ಬೇಕು. ಹೋದ ದಾರೀಲೇ ವಾಪಸ್ ಬಂದ್ರೆ ಅದಕ್ಕೆ ಸುತ್ತು ಅನ್ನಲ್ಲ, ಮರೆತು ಬಂದ ಕೊಡೆ ತರೋಕೆ ಹೋಗಿದ್ದು ಅಂತಾರೆ.

ಕಾಸ್ಮಸ್: ಎರಡು ತುದೀನೂ ತೋರಿಸ್ತೀನಿ ಅಂತಿದೀನಲ್ಲ ಎಲ್ಫೀ! ಈ ಕಡೆ ರಿಚ್‌ಮಂಡಲ್ಲಿ ರಸ್ತೆ ಮುಗಿಯೋ ತನಕ ಹೋಗೋಣ. ನಿಂತು ನೋಡೋಣ. ವ್ಯಾನ್ ತಿರುಗಿಸ್ಕೊಂಡು ಬಂದು, ಕಿಂಗ್ಸ್‌ಟೌನ್ ದಾಟಿ, ಆ ಕಡೆ ಫ್ಯಾನ್ಸೀಲಿ ರಸ್ತೆ ಮುಗಿಯೋ ತನಕ ಹೋಗೋಣ. ನಿಂತು ನೋಡೋಣ. ಇನ್ನೇನು ಉಳೀತು?

ಎಲ್ಫ್ರೀಡಾ: ನಡುವಿಂದು ಉಳೀತು.

ಕಾಸ್ಮಸ್: ಅದನ್ನ ಎರಡೂ ಕಡೆಯಿಂದ ನೋಡಿದ ಹಾಗಾಯ್ತಲ್ಲ!

ಎಲ್ಫ್ರೀಡಾ: ಮದುವೆ ಮನೆ ಕಿಟಕೀಲಿ ಎರಡೂ ಕಡೆಯಿಂದ ಇಣುಕಿ ಬಂದ್ರೆ ಊಟ ಆದ ಹಾಗಾ?

ಭಾನುವಾರದ ಮಧ್ಯಾಹ್ನ. ಚರ್ಚು ಮುಗಿದು, ಊರಿಗೆ ಊರೇ ಉಂಡು ಕಾಲು ಚಾಚಿದ್ದ ಹೊತ್ತು. ಬರೂಲಿಯ ಕಡಲ ದಂಡೆಯಲ್ಲಿ ಎಲ್ಫ್ರೀಡಾಳ ಹುರಿದ ಮೀನಿನ ಅಂಗಡಿಗೆ ಬಾಗಿಲು ಹಾಕಿತ್ತು. ಹಿತ್ತಿಲಲ್ಲಿ ಮಾತ್ರ ಇದ್ದಿಲೊಲೆ ಉರಿಯುತ್ತಿತ್ತು; ಅದರ ಮೇಲೊಂದು ಜೀಗುಜ್ಜೆ ಕಾಯಿ ಇಡಿಯಾಗಿ ಸುಡುತ್ತ ಕೂತಿತ್ತು. ಒಲೆಯ ಈಚೆ ಎಲ್ಫ್ರೀಡಾ, ಕೈಯಲ್ಲಿ ಚಾಕು. ಆಚೆ ಕಾಸ್ಮಸ್, ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು, ಎಂದಿನಂತೆ ಕಡಲಿಗೆ ಬೆನ್ನು ಮಾಡಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿಯ ಜೇಬನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ವಿಷಯ ಇಷ್ಟೇ. ಈಸ್ಟರ್ ಹಬ್ಬದ ದಿನ ಕಾಸ್ಮಸ್ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ, 'ನನ್ನ ಮದುವೆ ಆಗ್ತೀಯಾ' ಎಂದು ಕೇಳಿದ್ದ. ಆಕೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. 'ಮೊದಲು ನನ್ನನ್ನ ಸೇಂಟ್ ವಿನ್ಸೆಂಟ್ ದ್ವೀಪ ಪೂರ್ತಿ ಸುತ್ತಿಸು, ಆಮೇಲೆ ಕೇಳು' ಅಂದಿದ್ದಳು. ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ದ್ವೀಪ ದೊಡ್ಡದೇನಲ್ಲ. ಆದರೆ ನಮ್ಮ ರಸ್ತೆ ಅದನ್ನು ಪೂರ್ತಿ ಸುತ್ತುವುದಿಲ್ಲ. ದಕ್ಷಿಣ ತುದಿಯ ಕಿಂಗ್ಸ್‌ಟೌನಿನಿಂದ ಹೊರಟು, ಗಾಳಿ ಬಡಿಯುವ ಕಡೆಯಿಂದ ಒಂದು ರಸ್ತೆ ಉತ್ತರಕ್ಕೆ ಹೋಗಿ ಫ್ಯಾನ್ಸಿ ಎಂಬ ಊರಲ್ಲಿ ನಿಲ್ಲುತ್ತದೆ. ಗಾಳಿಗೆ ಮರೆಯಾದ ಕಡೆಯಿಂದ ಇನ್ನೊಂದು, ನಮ್ಮ ಬರೂಲಿಯನ್ನು ಹಾದು ಹೋಗಿ ರಿಚ್‌ಮಂಡಿನಲ್ಲಿ ನಿಲ್ಲುತ್ತದೆ. ನಡುವೆ ಬೆಂಕಿಬೆಟ್ಟ ಸೀದಾ ಕಡಲೊಳಗೆ ಕಾಲು ಇಳಿಬಿಟ್ಟುಕೊಂಡು ಕೂತಿದೆ. ಅಲ್ಲಿ ದೋಣಿಯೇ ಗತಿ.

ಕಾಸ್ಮಸ್ ಮರೆ ಕಡೆಯ ರಸ್ತೆಯಲ್ಲಿ ವ್ಯಾನ್ ಓಡಿಸುತ್ತಲೇ ತಲೆ ನರೆಸಿಕೊಂಡವನು. ವ್ಯಾನಿನ ಹಣೆಯ ಮೇಲೆ 'ದಿಗ್ವಿಜಯ' ಎಂದು ಬೆಂಕಿಯ ನಾಲಗೆಗಳ ನಡುವೆ ಬರೆಸಿದ್ದ. ಆ ವ್ಯಾನಿಗೆ ಗೊತ್ತಿದ್ದ ದಿಕ್ಕು ಒಂದೇ. 'ಈ ದ್ವೀಪದಲ್ಲಿ ನಾನು ಕಾಲಿಡದ ಜಾಗ ಇಲ್ಲ' ಎಂಬ ಮಾತು ಡಾಮಿನೊ ಆಡುವ ಕಟ್ಟೆಯಲ್ಲಿ ಅವನ ಬಾಯಲ್ಲಿ ಸವೆದು ಹೋಗಿತ್ತು. ದೋಣಿ ಕಂಡರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಅದು ತನ್ನೊಬ್ಬನಿಗೇ ಗೊತ್ತಿರುವ ಗುಟ್ಟು ಎಂದು ಅವನು ತಿಳಿದಿದ್ದ.

ಎಲ್ಫ್ರೀಡಾ ಜೀಗುಜ್ಜೆಯನ್ನು ಒಲೆಯಿಂದ ಇಳಿಸಿ ತಟ್ಟೆಗೆ ಉರುಳಿಸಿದಳು.

ಎಲ್ಫ್ರೀಡಾ: ಇಲ್ಲಿ ನೋಡು. ಇದು ನಮ್ಮ ದ್ವೀಪ. ಕರಕಲಾಗಿರೋ ಈ ತುದಿ ಬೆಂಕಿಬೆಟ್ಟ. ತೊಟ್ಟು ಇರೋ ಕಡೆ ಕಿಂಗ್ಸ್‌ಟೌನು.

ಕಾಸ್ಮಸ್: ನಮ್ಮ ಬರೂಲಿ ಎಲ್ಲಿ?

ಎಲ್ಫ್ರೀಡಾ: ನಿನ್ನ ಹೆಬ್ಬೆರಳಿನ ಕೆಳಗೆ. ಕೈ ತೆಗಿ, ಊರು ಜಜ್ಜಿ ಹೋಗುತ್ತೆ.

ಆಕೆ ಚಾಕುವಿನ ಮೊನೆಯಿಂದ ಎರಡೂ ಬದಿಯಲ್ಲಿ ರಸ್ತೆ ಎಳೆದಳು. ಕರಿ ಸಿಪ್ಪೆ ಎದ್ದು ಒಳಗಿನ ಬಿಳುಪು ಗೆರೆಯಾಗಿ ಕಂಡಿತು. ಮೇಲಿನ ತುದಿಯಲ್ಲಿ ಮಾತ್ರ ಎರಡು ಗೆರೆಗಳೂ ಒಂದಕ್ಕೊಂದು ಮುಟ್ಟದೆ ನಿಂತವು.

ಎಲ್ಫ್ರೀಡಾ: ಇಲ್ಲಿಂದ ಇಲ್ಲಿಗೆ ಸಿಪ್ಪೆ ಹಾಗೇ ಉಳೀತು ನೋಡು. ನನಗೆ ಈ ತುಂಡೇ ಬೇಕು.

ಕಾಸ್ಮಸ್: ತಿನ್ನೋಕಾ?

ಎಲ್ಫ್ರೀಡಾ: ಸುತ್ತೋಕೆ! ನನ್ನ ಗಂಡ ಎಜೀಕಿಯಲ್ ಬದುಕಿರೋ ತನಕ ಪ್ರತಿ ಈಸ್ಟರ್‌ಗೂ 'ಮುಂದಿನ ಈಸ್ಟರ್‌ಗೆ ಕರ್ಕೊಂಡು ಹೋಗ್ತೀನಿ' ಅಂದ. ಕೊನೆಗೆ ಅವನೊಬ್ಬನೇ ಹೋದ. ಅದೂ ಎಲ್ಲಿಗೆ, ನಮ್ಮ ಚರ್ಚಿನ ಹಿಂದಕ್ಕೆ. ನಾನು ಹುಟ್ಟಿದ್ದು ಇಲ್ಲಿ, ಮೀನು ಹುರಿದಿದ್ದು ಇಲ್ಲಿ. ನಾನು ನಿಂತಿರೋ ನೆಲಕ್ಕೆ ಬೆನ್ನು ಹೇಗಿದೆ ಅಂತ ಒಂದು ಸಲನಾದ್ರೂ ನೋಡದೆ ಸಾಯ್ಲಾ?

ಅವಳು ಕೇಳಿದರೆ ಬೆಟ್ಟವನ್ನು ಹೊತ್ತು ತಂದುಕೊಡುವಷ್ಟು ಪ್ರೀತಿ ಕಾಸ್ಮಸ್‌ಗಿತ್ತು. ಆದರೆ ಅವಳು ಕೇಳುತ್ತಿದ್ದುದು ಬೆಟ್ಟವನ್ನಲ್ಲ, ಅದರ ಬುಡದ ನೀರನ್ನು.

ಕಾಸ್ಮಸ್: ಸರಿ ಮಾರಾಯ್ತಿ. ಹಾಗಾದ್ರೆ ಗಾಳಿ ಕಡೆಯಿಂದ ಶುರು ಮಾಡೋಣ.

ಹಾಗೆ ಹೊರಟರೆ ದೋಣಿಯ ಸರದಿ ಬರುವಷ್ಟರಲ್ಲಿ ಮಳೆ ಬರಬಹುದು, ವ್ಯಾನಿನ ಚಕ್ರ ಪಂಕ್ಚರ್ ಆಗಬಹುದು, ಅವಳಿಗೆ ನಿದ್ದೆಯಾದರೂ ಬರಬಹುದು ಎಂಬುದು ಅವನ ಲೆಕ್ಕಾಚಾರ.

ಎಲ್ಫ್ರೀಡಾ: ಮರೆ ಕಡೆಯಿಂದ.

ಕಾಸ್ಮಸ್: ಗಾಳಿ ಕಡೆಯಿಂದಾನೇ ಚಂದ.

ಎಲ್ಫ್ರೀಡಾ: ನಾನು ಹೊಸಾ ಟೋಪಿ ತಗೊಂಡಿದೀನಿ, ಅಂಚು ಇಷ್ಟಗಲ. ಮೊದಲೇ ಗಾಳಿ ಕಡೆ ಹೋದ್ರೆ ಅದು ಹಾರಿ ಹೋಗುತ್ತೆ. ಆಮೇಲೆ ಮರೆ ಕಡೆ ಊರುಗಳಲ್ಲಿ ಏನು ಹಾಕ್ಕೊಂಡು ಮೆರೀಲಿ?

ಕಾಸ್ಮಸ್: ಗಾಳಿ ಕಡೆ ರಸ್ತೆ ಹೇಗಿದೆ ಗೊತ್ತಾ? ಬೆಣ್ಣೆ! ನಾನು ಕಣ್ಣಾರೆ ನೋಡಿದೀನಿ.

ಎಲ್ಫ್ರೀಡಾ: ಹೌದಾ? ಆ ದಾರೀಲಿ ರಬಾಕಾ ಹೊಳೆ ಯಾವ ಊರಾದ ಮೇಲೆ ಬರುತ್ತೆ ಹೇಳು.

ಕಾಸ್ಮಸ್: ಅದು... ಅದು ಮಳೆಯಾದ ಮೇಲೆ ಬರುತ್ತೆ.

ಎಲ್ಫ್ರೀಡಾ: ನೀನು ಆ ಕಡೆಗೆ ತಲೆ ಹಾಕಿ ಮಲಗಿದವನೂ ಅಲ್ಲ!

ಕಾಸ್ಮಸ್: ಅದು ನನ್ನ ರೂಟಲ್ಲ ಕಣೇ. ಒಬ್ಬರ ರೂಟಿಗೆ ಇನ್ನೊಬ್ಬರು ವ್ಯಾನ್ ತಗೊಂಡು ಹೋದ್ರೆ ಕಲ್ಲು ಬೀಳುತ್ತೆ.

ಎಲ್ಫ್ರೀಡಾ: ಬೀಳೋದು ಜನ ಹತ್ತಿಸ್ಕೊಂಡ್ರೆ. ಅಂದ ಹಾಗೆ, ಆವತ್ತು ವ್ಯಾನಲ್ಲಿ ನಾವಿಬ್ಬರೇ ಇರ್ಬೇಕು. ಇನ್ನೊಂದು ನರಪಿಳ್ಳೆ ಹತ್ತಿಸ್ಕೋಬಾರ್ದು.

ಕಾಸ್ಮಸ್: ಛೆ ಛೆ, ನಾವಿಬ್ಬರೇ.

ಎಲ್ಫ್ರೀಡಾ: ದಾರೀಲಿ ಯಾರಾದ್ರೂ ಕೈ ಎತ್ತಿದ್ರೆ?

ಕಾಸ್ಮಸ್: ...ಬಿಸಿಲಲ್ಲಿ ನಿಂತಿದ್ರೆ?

ಎಲ್ಫ್ರೀಡಾ: ನಿಂತಿರಲಿ.

ಕಾಸ್ಮಸ್: ವಯಸ್ಸಾದ ಅಜ್ಜಿ ಆಗಿದ್ರೆ?

ಎಲ್ಫ್ರೀಡಾ: ಕಾಸ್ಮಸ್!

ಕಾಸ್ಮಸ್: ಮುಂದಿನ ಸೀಟು ನಿನಗೇ ಕಣೇ, ಅದರಲ್ಲಿ ಎರಡು ಮಾತಿಲ್ಲ. ಅಜ್ಜಿ ಹಿಂದೆ ಕೂರ್ತಾಳೆ. ಅವಳ ಗೆಣಸಿನ ಮೂಟೆ ಮಾತ್ರ ನಿನ್ನ ತೊಡೆ ಮೇಲೆ.

ಎಲ್ಫ್ರೀಡಾ ಚಾಕುವನ್ನು ಜೀಗುಜ್ಜೆಗೆ, ಅದೂ ನೇರ ಕಿಂಗ್ಸ್‌ಟೌನಿನ ನೆತ್ತಿಗೆ ಚುಚ್ಚಿದಳು. ಕಾಸ್ಮಸ್ ಪೆಟ್ಟಿಗೆಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡ. ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

ಎಲ್ಫ್ರೀಡಾ: ಜೇಬಲ್ಲಿ ಏನದು? ಮತ್ತೆ ಸಿಗರೇಟು ಶುರು ಮಾಡಿದ್ಯಾ?

ಕಾಸ್ಮಸ್: ದೇವರಾಣೆಗೂ ಇಲ್ಲ. ಬೆಂಕಿಪೊಟ್ಣ ಅಷ್ಟೇ.

ಎಲ್ಫ್ರೀಡಾ: ಸಿಗರೇಟು ಇಲ್ದೆ ಬೆಂಕಿಪೊಟ್ಣ ಯಾಕೆ?

ಕಾಸ್ಮಸ್: ಕತ್ತಲಾದ್ರೆ ಬೇಕಾಗುತ್ತಲ್ಲ.

ಎಲ್ಫ್ರೀಡಾ: ಸೂರ್ಯ ನೆತ್ತಿ ಮೇಲಿದಾನೆ. ಹೋಗ್ಲಿ, ಕೇಳು. ನಾನು ಯೋಚನೆ ಮಾಡಿದೀನಿ. ರಿಚ್‌ಮಂಡ್ ತನಕ ನಿನ್ನ ವ್ಯಾನು. ಅಲ್ಲಿಂದ ವೆರೋಲನ ದೋಣಿ. ಫ್ಯಾನ್ಸೀಲಿ ಇಳಿದು ಅಲ್ಲಿಂದ ಮತ್ತೆ ವ್ಯಾನು.

ಕಾಸ್ಮಸ್ ಬದುಕಿದೆನಪ್ಪಾ ಎಂಬಂತೆ ಪೆಟ್ಟಿಗೆಯಿಂದ ಅರ್ಧ ಎದ್ದ.

ಕಾಸ್ಮಸ್: ಅಲ್ಲೇ ಇರೋದು ತೊಡಕು! ನನ್ನ ವ್ಯಾನು ರಿಚ್‌ಮಂಡಲ್ಲೇ ಉಳೀತಲ್ಲ! ಅದನ್ನೇನು ದೋಣೀಲಿ ಹೊತ್ಕೊಂಡು ಹೋಗೋಕಾಗುತ್ತಾ?

ಎಲ್ಫ್ರೀಡಾ: ನಿಂದು ಅಲ್ಲೇ ಇರಲಿ. ಫ್ಯಾನ್ಸಿಯಿಂದ ಗಾಳಿ ಕಡೆಯವರ ವ್ಯಾನ್ ಹತ್ತಿದ್ರಾಯ್ತು.

ಕಾಸ್ಮಸ್: ನಾನಾ? ಇನ್ನೊಬ್ಬನ ವ್ಯಾನಲ್ಲಾ? ಹಿಂದಿನ ಸೀಟಲ್ಲಾ? ಅವನು 'ಸರ್ಕೊಳ್ಳಿ ಅಣ್ಣ, ಇನ್ನೊಬ್ಬರು ಕೂರ್ತಾರೆ' ಅಂದ್ರೆ ಸರ್ಕೋಬೇಕಾ?

ಎಲ್ಫ್ರೀಡಾ: ಸರ್ಕೋಬೇಕು. ಮರೆ ಕಡೆ ಜನಾನೆಲ್ಲ ನೀನು ಸರಿಸಿ ಸರಿಸಿ ಗೋಡೆಗೆ ಅಂಟಿಸಿಲ್ವಾ?

ಕಾಸ್ಮಸ್: ಅದಕ್ಕಿಂತ ಒಳ್ಳೇ ಉಪಾಯ ಇದೆ ನನ್ನ ಹತ್ರ. ನಿನ್ನನ್ನ ರಿಚ್‌ಮಂಡಲ್ಲಿ ಇಳಿಸ್ತೀನಿ. ನೀನು ದೋಣಿ ಹತ್ತು. ನಾನು ವ್ಯಾನ್ ತಿರುಗಿಸ್ಕೊಂಡು, ಕಿಂಗ್ಸ್‌ಟೌನ್ ಮೇಲೆ ಹಾದು, ಗಾಳಿ ಕಡೆಯಿಂದ ಬಂದು ಫ್ಯಾನ್ಸೀ ದಂಡೇಲಿ ನಿಂತಿರ್ತೀನಿ. ಕೈಯಲ್ಲಿ ಹೂವು! ಹೇಗೆ?

ಎಲ್ಫ್ರೀಡಾ: ಅಷ್ಟು ಹೊತ್ತು ನಾನು ದೋಣೀಲಿ.

ಕಾಸ್ಮಸ್: ಹ್ಞಾಂ. ಆರಾಮಾಗಿ, ತಣ್ಣಗೆ ಗಾಳಿ ತಗೊಳ್ತಾ...

ಎಲ್ಫ್ರೀಡಾ: ವೆರೋಲ್ ಜೊತೆ.

ಕಾಸ್ಮಸ್: ವೆರೋಲ್ ಜೊ...

ವೆರೋಲ್ ಮೀನು ಹಿಡಿಯುವವನು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ತೋಳು ನೋಡಿದರೆ ಹುರಿಹಗ್ಗ. ಎಲ್ಫ್ರೀಡಾಳಿಗೆ ಮೀನು ತೂಗಿಕೊಟ್ಟ ಮೇಲೆ ತಕ್ಕಡಿ ಕೆಳಗಿಟ್ಟು, ಮೇಲೊಂದು ಮೀನು ಸುಮ್ಮನೆ ಹಾಕುವವನು. ಆ ಮೇಲಿನ ಮೀನು ಕಾಸ್ಮಸ್‌ನ ನಿದ್ದೆ ಕೆಡಿಸುತ್ತಿತ್ತು.

ಎಲ್ಫ್ರೀಡಾ: ಪಾಪ, ದಾರೀಲಿ ಜಲಪಾತದ ಹತ್ರ ನಿಲ್ಲಿಸಿ ತೋರಿಸ್ತೀನಿ ಅಂದಿದಾನೆ. ಹಲಗೆ ಒತ್ತಬಾರ್ದು ಅಂತ ದಿಂಬು ಬೇರೆ ಹೊಲಿಸಿದಾನೆ.

ಕಾಸ್ಮಸ್: ದಿಂಬಾ? ಎಷ್ಟು ದಿಂಬು?

ಎಲ್ಫ್ರೀಡಾ: ಎರಡು.

ಕಾಸ್ಮಸ್: ರದ್ದು! ಈ ಉಪಾಯ ಇಲ್ಲಿಗೇ ರದ್ದು!

ಎಲ್ಫ್ರೀಡಾ: ಹಾಗಾದ್ರೆ ನೀನೂ ದೋಣಿ ಹತ್ತು. ಮುಗೀತಲ್ಲ.

ಕಾಸ್ಮಸ್: ಹತ್ತಬಹುದಿತ್ತು. ಆದ್ರೆ ದೋಣಿ ಅಂದ ಕೂಡಲೇ ನನಗೆ ಯೂನಿಸ್ ಕಣ್ಣ ಮುಂದೆ ಬರ್ತಾಳೆ.

ಬಾಯಿ ಜಾರಿತ್ತು. ಯೂನಿಸ್ ಎಂಬುದು ವೆರೋಲನ ಅಪ್ಪನ ಹಾಯಿದೋಣಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಕಾಸ್ಮಸ್ ಅದರಲ್ಲಿ ಎದುರಿಗಿರುವ ಬೆಕ್ವೇ ದ್ವೀಪಕ್ಕೆ ಹೋಗಿ ಬಂದಿದ್ದ. ಅಲ್ಲಿಂದ ಈಚೆಗೆ ದೋಣಿಯ ನೆರಳನ್ನೂ ತುಳಿದವನಲ್ಲ. ನಮ್ಮಲ್ಲಿ ದೋಣಿಗಳಿಗೆಲ್ಲ ಹೆಂಗಸರ ಹೆಸರೇ. ಆದರೆ ಎಲ್ಫ್ರೀಡಾಳಿಗೆ ಈ ಯೂನಿಸ್ ಗೊತ್ತಿರಲಿಲ್ಲ. ಅವಳ ಕೈಯ ಚಾಕು ನಿಂತಿತು.

ಎಲ್ಫ್ರೀಡಾ: ಯಾರದು ಯೂನಿಸ್?

'ದೋಣಿ' ಎಂದು ಒಂದು ಮಾತು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಾಸ್ಮಸ್ ಯೋಚಿಸಿದ. ಹಳೆಯ ಪ್ರೇಮ ಒಂದಿತ್ತು ಅಂದರೆ ಗಂಡಸಿಗೆ ಕೊಂಚ ಮೆರುಗಾದರೂ ಬರುತ್ತದೆ. ದೋಣಿಯಲ್ಲಿ ಕೂತು ಅಮ್ಮಾ ಎಂದು ಅತ್ತಿದ್ದೆ ಅಂದರೆ ಏನು ಬರುತ್ತದೆ? ಗಂಡಸರ ತಲೆ ಇಂಥ ಹೊತ್ತಿನಲ್ಲೇ ಕೈಕೊಡುವುದು.

ಕಾಸ್ಮಸ್: ಬಿಡು, ಹಳೇ ಕಥೆ.

ಎಲ್ಫ್ರೀಡಾ: ಹೇಳು. ಏನು ಮಾಡಿದ್ಲು?

ಕಾಸ್ಮಸ್: ಏನು ಹೇಳ್ಲಿ? ತಲೆ ತಿರುಗಿಸಿಬಿಟ್ಲು.

ಎಲ್ಫ್ರೀಡಾ: ಓಹೋ!

ಕಾಸ್ಮಸ್: ಒಂದೇ ದಿನ ಕಣೇ. ಬೆಕ್ವೇಗೆ ಹೋಗಿ ಬರೋವಷ್ಟು ಹೊತ್ತು. ಅಷ್ಟರಲ್ಲೇ ಹೊಟ್ಟೇಲಿದ್ದದ್ದೆಲ್ಲಾ ಅವಳ ಮುಂದೆ ಹೊರಗೆ ಹಾಕಿಬಿಟ್ಟೆ.

ಎಲ್ಫ್ರೀಡಾ: ಒಂದೇ ದಿನಕ್ಕೆ! ನನ್ನ ಹತ್ರ ಇಷ್ಟು ವರ್ಷದಿಂದ ಬಂದು ಕೂರ್ತೀಯ, ಒಂದು ದಿನ ಹೊಟ್ಟೇಲಿರೋದನ್ನ ಹೊರಗೆ ಹಾಕಿದೀಯಾ?

ಕಾಸ್ಮಸ್: ನಿನ್ನ ಮುಂದೆ ಹಾಕೋಕಾಗುತ್ತೇನೇ!

ಎಲ್ಫ್ರೀಡಾ: ಯಾಕೆ? ಅವಳ ಮುಂದೆ ಹಾಕಬಹುದು, ನನ್ನ ಮುಂದೆ ಬೇಡ್ವಾ?

ಕಾಸ್ಮಸ್: ಮರ್ಯಾದೆ ಅಂತ ಒಂದಿದೆಯಲ್ಲ!

ಎಲ್ಫ್ರೀಡಾ: ಈಗೆಲ್ಲಿದಾಳೆ ಆ ಮರ್ಯಾದಸ್ತೆ?

ಕಾಸ್ಮಸ್: ಫ್ಯಾನ್ಸೀಲಿ ಇದಾಳಂತೆ.

ಎಲ್ಫ್ರೀಡಾ: ಫ್ಯಾನ್ಸೀಲಿ! ಈಗ ಗೊತ್ತಾಯ್ತು ಬಿಡು. ನನ್ನ ಜೊತೆ ದೋಣೀಲಿ ಹೋಗಿ ಇಳಿದ್ರೆ ದಂಡೇಲಿ ನಿಂತಿರೋಳು ನೋಡಿಬಿಡ್ತಾಳೆ ಅಂತ ದೊರೆಗಳಿಗೆ ಭಯ!

ಕಾಸ್ಮಸ್: ದಂಡೇಲೇ ಇರ್ತಾಳೆ ನಿಜ. ನಿಂತಿರಲ್ಲ, ಬೋರಲು ಬಿದ್ದಿರ್ತಾಳೆ.

ಎಲ್ಫ್ರೀಡಾ: ಅಯ್ಯೋ ದೇವರೇ ಅನ್ನಿಸೋ ಹಾಗೆ ಬೇರೆ ಹೇಳ್ತಾನೆ! ನಿನ್ನ ನೆನೆದು ನೆನೆದು ಹಾಗಾಗಿದಾಳಾ? ಆ ಜೇಬಲ್ಲಿರೋದು ಅವಳ ಫೋಟೋನಾ?

ಕಾಸ್ಮಸ್: ಬೆಂಕಿಪೊಟ್ಣ ಅಂದ್ನಲ್ಲ!

ಎಲ್ಫ್ರೀಡಾ: ಹಾಗಾದ್ರೆ ಅವಳಿಗೇ ಹೋಗಿ ದೀಪ ಹಚ್ಚು! ಅವಳನ್ನೇ ಸುತ್ತಿಸು! ನನಗೆ ನೀನೂ ಬೇಡ, ನಿನ್ನ ದಿಗ್ವಿಜಯವೂ ಬೇಡ.

ಆಕೆಯ ಕಣ್ಣಂಚು ಒದ್ದೆಯಾಗಿತ್ತು. ಇದ್ದಿಲ ಹೊಗೆ ಎಂದುಕೊಳ್ಳಲು ಕಾಸ್ಮಸ್ ನೋಡಿದ, ಆಗಲಿಲ್ಲ. ಮೆರುಗು ಬರುವ ಬದಲು ಇದ್ದ ಬಣ್ಣವೂ ಹೋಗಿತ್ತು. ನಿಜ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಕಡಲ ಕಡೆಯಿಂದ ವೆರೋಲ್ ಬಂದ, ಕೈಯಲ್ಲಿ ಪೋಣಿಸಿದ ಜ್ಯಾಕ್ ಮೀನಿನ ಗೊಂಚಲು.

ವೆರೋಲ್: ನಮಸ್ಕಾರ ಇಬ್ಬರಿಗೂ. ಮೀನು ತಂದೆ ಎಲ್ಫೀ. ಏನು, ಯಾವ ದಿನ ಅಂತ ಗೊತ್ತಾಯ್ತಾ?

ಎಲ್ಫ್ರೀಡಾ: ವೆರೋಲ್, ನೀನು ಫ್ಯಾನ್ಸೀ ಕಡೆ ಹೋಗಿ ಬರ್ತೀಯಲ್ಲ. ಅಲ್ಲಿ ಯೂನಿಸ್ ಅಂತ ಇದಾಳಂತೆ, ಗೊತ್ತಾ?

ಆಕೆಯ ಬೆನ್ನ ಹಿಂದಿನಿಂದ ಕಾಸ್ಮಸ್ ಕಣ್ಣು, ಹುಬ್ಬು, ಕೊನೆಗೆ ಎರಡೂ ಕಿವಿಗಳನ್ನು ಆಡಿಸಿ ಬೇಡ ಬೇಡ ಎಂದ. ವೆರೋಲ್‌ಗೆ ಅದು ಸೊಳ್ಳೆ ಕಾಟದಂತೆ ಕಂಡಿತು.

ವೆರೋಲ್: ಗೊತ್ತಿಲ್ದೆ ಏನು? ನಮ್ಮಪ್ಪನ ಕೈಯಲ್ಲಿ ಹುಟ್ಟಿದೋಳಲ್ವಾ!

ಎಲ್ಫ್ರೀಡಾ: ನಿನ್ನ ತಂಗಿನಾ?

ವೆರೋಲ್: ತಂಗಿ ಇದ್ದ ಹಾಗೇ ಅನ್ನು. ಒಟ್ಟಿಗೇ ಆಡಿ ಬೆಳೆದ್ವಿ. ಆಮೇಲೆ ಅಪ್ಪ ಅವಳನ್ನ ಫ್ಯಾನ್ಸಿಯವನೊಬ್ಬನಿಗೆ ಕೊಟ್ಟುಬಿಟ್ಟ.

ಎಲ್ಫ್ರೀಡಾ: ಕೇಳಿಸ್ತಾ ಕಾಸ್ಮಸ್? ಗಂಡನ ಮನೇಲಿ ಇರೋಳನ್ನ ಕಣ್ಣ ಮುಂದೆ ತಂದ್ಕೊಳ್ತೀಯಲ್ಲ, ನಾಚಿಕೆ ಆಗಲ್ವಾ?

ವೆರೋಲ್: ಪಾಪ, ಈಗ ವಯಸ್ಸಾಯ್ತು ಅವಳಿಗೆ. ಎಲ್ಲಾ ಕಡೆ ಸೋರ್ತಾಳೆ. ತಳಕ್ಕೆ ಡಾಂಬರು ಹಚ್ಚಿ ಹಚ್ಚಿ ಇಟ್ಕೊಂಡಿದಾನೆ.

ಎಲ್ಫ್ರೀಡಾ: ತಳಕ್ಕೆ... ಏನು ಹಚ್ಚಿ?

ವೆರೋಲ್: ಡಾಂಬರು. ಹಿಂದುಗಡೆ ಎರಡು ಹಲಗೆ ಕಿತ್ತು ಹೋಗಿದೆ. ಒಳಗೆ ಕೋಳಿ ಕೂರಿಸ್ತಾರೆ ಈಗ.

ಒಲೆಯಲ್ಲಿ ಇದ್ದಿಲೊಂದು ಚಟ್ ಅಂದಿತು.

ಎಲ್ಫ್ರೀಡಾ: ಯೂನಿಸ್ ಅಂದ್ರೆ ದೋಣಿನಾ?

ವೆರೋಲ್: ಮತ್ತೇನು ಹೆಂಗಸು ಅಂದ್ಕೊಂಡ್ಯಾ? ಕಾಸ್ಮಸ್‌ನ ಕೇಳು, ಅವಳ ಇಂಚಿಂಚೂ ಗೊತ್ತು ಅವನಿಗೆ. ಬೆಕ್ವೇಗೆ ಹೋಗೋವಾಗ ಹಾಯಿ ಕಂಬ ತಬ್ಬಿ ಹಿಡಿದೋನು ಬಿಡಲೇ ಇಲ್ಲ. ಬೆರಳು ಬಿಡಿಸೋಕೆ ನಮ್ಮಪ್ಪ ಮೀನೆಣ್ಣೆ ಹಚ್ಚಬೇಕಾಯ್ತು. ಬರೋವಾಗ ಹೋಗಿ ಹೋಗಿ ಗಾಳಿ ಕಡೆ ಕೂತು ವಾಂತಿ ಮಾಡಿದ. ಗಾಳಿಗೆ ಅಷ್ಟೂ ವಾಪಸ್ ಬಂದು ನಮ್ಮಪ್ಪನ ಮುಖಕ್ಕೇ ಬಿತ್ತು. ಅಪ್ಪ ಯೂನಿಸ್‌ನ ಮಾರಿದ್ದೇ ಆಮೇಲೆ.

ಎಲ್ಫ್ರೀಡಾ ನಿಧಾನವಾಗಿ ಕಾಸ್ಮಸ್ ಕಡೆ ತಿರುಗಿದಳು. ಕಾಸ್ಮಸ್ ತನ್ನ ಬೂಟುಗಳನ್ನೇ ನೋಡುತ್ತಿದ್ದ.

ಎಲ್ಫ್ರೀಡಾ: ಹೊಟ್ಟೇಲಿದ್ದದ್ದೆಲ್ಲಾ ಹೊರಗೆ ಹಾಕಿದೆ ಅಂದಿದ್ದು ಇದಾ?

ಕಾಸ್ಮಸ್: ಹೌದು! ಹೌದು ಕಣೇ! ನನಗೆ ಕಡಲು ಕಂಡ್ರೆ ಕೈಕಾಲು ತಣ್ಣಗಾಗುತ್ತೆ. ದೋಣಿ ಅಲ್ಲಾಡಿದ್ರೆ ಅಮ್ಮ ನೆನಪಾಗ್ತಾಳೆ. ಸಾಕಾ?

ಎಲ್ಫ್ರೀಡಾ: ಬೆಟ್ಟ ಬೆಂಕಿ ಉಗುಳಿದ ವರ್ಷ, ಬೂದಿ ಸುರೀತಿದ್ರೂ ಮತ್ತೆ ಮತ್ತೆ ಮೇಲಕ್ಕೆ ಹೋಗಿ ಜನಾನೆಲ್ಲ ಹೊತ್ಕೊಂಡು ಬಂದೋನು ನೀನು. ನಿನಗೆ ನೀರು ಕಂಡ್ರೆ ಭಯನಾ?

ಕಾಸ್ಮಸ್: ಬೆಟ್ಟ ಅಲ್ಲಾಡಲ್ವಲ್ಲ!

ಎಲ್ಫ್ರೀಡಾ: ಅವತ್ತು ಅಲ್ಲಾಡಿದ್ದು ಅದೊಂದೇ ಕಣೋ!

ಕಾಸ್ಮಸ್: ಯಾರಿಗೂ ಗೊತ್ತಾಗಬಾರ್ದು ಅಂತ ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದೆ.

ವೆರೋಲ್: ಯಾರಿಗೂ ಗೊತ್ತಿಲ್ವಾ? ಕಡಲ ಬದಿ ತಿರುವಲ್ಲೆಲ್ಲಾ ನೀನು ಕಣ್ಣು ಮುಚ್ತೀಯಲ್ಲ ಮಾರಾಯ. ನಿನ್ನ ವ್ಯಾನಲ್ಲಿ ಜನ ಅಷ್ಟು ಜೋರಾಗಿ ಪ್ರಾರ್ಥನೆ ಮಾಡೋದು ಭಕ್ತಿಗೆ ಅಂದ್ಕೊಂಡಿದ್ಯಾ?

ಕಾಸ್ಮಸ್ ಎದ್ದು ನಿಂತ. ಬೆಳಿಗ್ಗೆ ಅಂಗಿಗೆ ಮಾಡಿದ್ದ ಇಸ್ತ್ರಿಯೂ ಅವನ ಮುಖದಂತೆಯೇ ಮುದುಡಿಹೋಗಿತ್ತು. ಇಷ್ಟು ವರ್ಷ ಒಂಟಿಯಾಗಿ ಇದ್ದವನು, ಇನ್ನಷ್ಟು ವರ್ಷ ಒಂಟಿಯಾಗಿಯೇ ಇರಬೇಕಲ್ಲ ಎಂದು ಅವನಿಗೆ ನಿಜವಾಗಿಯೂ ಎದೆ ಭಾರವಾಯಿತು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ತಟ್ಟೆಯ ಮೇಲೆ, ಜೀಗುಜ್ಜೆಯ ಪಕ್ಕದಲ್ಲಿಟ್ಟ.

ಕಾಸ್ಮಸ್: ಹೇಗೂ ತಂದಿದೀನಿ, ಇಟ್ಕೋ. ನೀನು ವೆರೋಲ್ ಜೊತೆ ಸುತ್ತಿ ಬಾ ಎಲ್ಫೀ. ನೆಲದ ಬೆನ್ನು ನೋಡು. ನನ್ನ ಕೈಲಿ ಆಗೋದಲ್ಲ ಅದು.

ಎಲ್ಫ್ರೀಡಾ ಪೊಟ್ಟಣ ತಳ್ಳಿ ತೆರೆದಳು. ಒಳಗೆ ಹತ್ತಿಯ ಮೇಲೆ ಒಂದು ಉಂಗುರ. ಹಳೆಯ ಚಿನ್ನ, ತೆಳ್ಳಗಿನದು. ಆದರೆ ಪೂರ್ತಿ ಇರಲಿಲ್ಲ. ಒಂದು ಕಡೆ ಕತ್ತರಿಸಿ ಅಗಲಿಸಿದ್ದರಿಂದ ಎರಡು ತುದಿಗಳು ಒಂದಕ್ಕೊಂದು ಮುಟ್ಟದೆ ನಿಂತಿದ್ದವು. ಆಕೆ ಉಂಗುರ ನೋಡಿದಳು. ಜೀಗುಜ್ಜೆಯ ಮೇಲೆ ತಾನೇ ಗೀಚಿದ ರಸ್ತೆ ನೋಡಿದಳು. ಮತ್ತೆ ಉಂಗುರ ನೋಡಿದಳು.

ಎಲ್ಫ್ರೀಡಾ: ಇದೇನೋ ಇದು? ಇದಕ್ಕೂ ದೋಣಿ ಬೇಕಾ?

ಕಾಸ್ಮಸ್: ಅಮ್ಮಂದು. ಅವಳ ಬೆರಳು ಸಣ್ಣ. ನಿನ್ನದು... ಅಂದ್ರೆ, ದುಡಿದ ಬೆರಳು. ಅಕ್ಕಸಾಲಿ ಕತ್ತರಿಸಿ ಬಿಡಿಸಿದ, ಬೆರಳಿನ ಅಳತೆ ತಗೊಂಡು ಬಾ, ಆಮೇಲೆ ಸೇರಿಸ್ತೀನಿ ಅಂದ. ನಿನ್ನ ಅಳತೆ ಕೇಳೋಕೆ ನನಗೆ ಧೈರ್ಯ ಬರ್ಲಿಲ್ಲ.

ವೆರೋಲ್: ಅದಕ್ಕೂ ಧೈರ್ಯ ಇಲ್ವಾ!

ಎಲ್ಫ್ರೀಡಾ: ನೀನು ಸುಮ್ನಿರು ವೆರೋಲ್.

ಆಕೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಉಂಗುರ ತೊಟ್ಟಳು. ಮೀನು ಸೀಳಿ ಸೀಳಿ ದಪ್ಪಗಾದ ಗೆಣ್ಣಿನ ಹತ್ತಿರ ಅದು ಕೊಂಚ ತಡೆಯಿತು, ಬಾಯಿ ಅಗಲಿಸಿತು, ದಾಟಿತು, ಬೆರಳಿನ ಬುಡದಲ್ಲಿ ಹಿತವಾಗಿ ಕೂತಿತು.

ಎಲ್ಫ್ರೀಡಾ: ಪೂರ್ತಿ ಸುತ್ತಿದ್ರೆ ಈ ಗೆಣ್ಣು ದಾಟ್ತಾನೇ ಇರ್ಲಿಲ್ಲ. ಇದನ್ನ ಸೇರಿಸೋದು ಬೇಡ, ಹೀಗೇ ಇರಲಿ.

ಕಾಸ್ಮಸ್: ಅಂದ್ರೆ? ಅಂದ್ರೆ ಸುತ್ತೋದೂ ಬೇಡ್ವಾ?

ಎಲ್ಫ್ರೀಡಾ: ಉಂಗುರಕ್ಕೆ ಸಂದು ಇದ್ರೆ ನನಗೆ ಸೈ. ದ್ವೀಪಕ್ಕೆ ಬೇಡ. ಸುತ್ತಿಸು, ಆಮೇಲೆ ಕೇಳು ಅಂದಿದ್ದೆ, ಆ ಮಾತು ಮಾತೇ. ಉಂಗುರ ಮಾತ್ರ ತೆಗೆಯೋಕೆ ಬರ್ತಿಲ್ಲ, ಏನು ಮಾಡ್ಲಿ?

ತೆಗೆಯಲು ಆಕೆ ಯತ್ನಿಸಿದ್ದನ್ನಂತೂ ಯಾರೂ ನೋಡಲಿಲ್ಲ. ಕಾಸ್ಮಸ್ ಅಂದು ಮೊದಲ ಸಲ ಪೂರ್ತಿ ತಿರುಗಿ ಕಡಲನ್ನು ನೋಡಿದ. ಕಡಲು ಅವನನ್ನು ನೋಡಿತು.

ಕಾಸ್ಮಸ್: ಹತ್ತುತೀನಿ. ಸತ್ರೂ ಸರಿ, ಹತ್ತುತೀನಿ.

ಎಲ್ಫ್ರೀಡಾ: ಸಾಯಬೇಡ ಮಾರಾಯ. ಆ ಕೆಲಸ ಎಜೀಕಿಯಲ್ ಆಗ್ಲೇ ಮಾಡಿದಾನೆ.

ವೆರೋಲ್: ದಿಂಬು ಎರಡೂ ನಿಮಗೇ ಬಿಡಿ. ಒಂದು ಎಲ್ಫೀಗೆ ಕೂರೋಕೆ, ಒಂದು ಕಾಸ್ಮಸ್‌ಗೆ ಕಚ್ಚೋಕೆ.

ಎಲ್ಫ್ರೀಡಾ ಜೀಗುಜ್ಜೆ ಹೋಳು ಮಾಡಿದಳು. ವೆರೋಲನ ತಟ್ಟೆಗೆ ಕಿಂಗ್ಸ್‌ಟೌನ್ ಹೋಯಿತು. ರಸ್ತೆಯಿಲ್ಲದ ಕರಕಲು ತುಂಡನ್ನು ಆಕೆ ಸಿಪ್ಪೆ ಬಿಡಿಸಿ, ಬೆಣ್ಣೆ ಹಚ್ಚಿ, ಕಾಸ್ಮಸ್‌ಗೆ ಕೊಟ್ಟಳು. ಅದು ಬಾಯಿಗೆ ಬಿದ್ದದ್ದೇ ತಡ, ಅವನಿಗೆ ಹಳೆಯ ಗತ್ತು ಮರಳಿ ಬಂತು.

ಕಾಸ್ಮಸ್: ಸರಿ, ದೋಣಿ ವಿಷಯದಲ್ಲಿ ನಿನ್ನ ಮಾತು ನಡೀತು. ಒಂದಾದ್ರೂ ನನ್ನ ಮಾತು ನಡೀಬೇಕು. ಹೊರಡೋದು ಗಾಳಿ ಕಡೆಯಿಂದ.

ಎಲ್ಫ್ರೀಡಾ: ಮರೆ ಕಡೆಯಿಂದ.

ಕಾಸ್ಮಸ್: ಗಾಳಿ ಕಡೆ!

ಎಲ್ಫ್ರೀಡಾ: ಮರೆ ಕಡೆ!

ವೆರೋಲ್: ಅಯ್ಯೋ, ಇಬ್ಬರಲ್ಲಿ ಒಬ್ಬರು ಸೋಲ್ರಪ್ಪ, ಮೀನು ಕೆಡುತ್ತೆ!

ಎಲ್ಫ್ರೀಡಾ: ಯಾರೂ ಸೋಲೋದು ಬೇಡ, ಎರಡೂ ಕಡೆ ಹಂಚ್ಕೊಳ್ಳೋಣ. ದೋಣೀಲಿ ಗಾಳಿ ಕಡೆ ನಾನು ಕೂರ್ತೀನಿ. ನೀನು ಮರೆ ಕಡೆ ಕೂತ್ಕೊಂಡು, ಹೊಟ್ಟೇಲಿರೋದನ್ನೆಲ್ಲ ಹೊರಗೆ ಹಾಕು. ಗಂಡ ಆಗೋನು ಹೆಂಡತಿ ಹತ್ರ ಏನನ್ನೂ ಒಳಗೆ ಇಟ್ಕೋಬಾರ್ದು.